ತುಟಿ ತುಂಬಿಸೋದಾ, ಎತ್ತಿಸೋದಾ, ಬಣ್ಣ ಹಾಕಿಸೋದಾ?

ಮದುವೆಗೆ ಆರು ದಿನ ಇದೆ ಅನ್ನುವಾಗ ಬಂದು "ಅಕ್ಕಾ, ತುಟಿಗೆ ಫಿಲ್ಲರ್ ಹಾಕಿಸ್ಲಾ?" ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ: ಬೇಡ. (ಫಿಲ್ಲರ್ ಅಂದರೆ ತುಟಿ ದಪ್ಪ ಕಾಣಲಿ ಅಂತ ಚುಚ್ಚಿ ತುಂಬಿಸುವ ಜೆಲ್.) ಆರು ತಿಂಗಳು ಇದೆ ಅನ್ನುವವರನ್ನು ಮಾತ್ರ ಎದುರಿಗೆ ಕೂರಿಸಿಕೊಂಡು ಮಾತಾಡುತ್ತೇನೆ. ಆಗ ಆಡುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ನಾನು ಡಾಕ್ಟರ್ ಅಲ್ಲ. ಮುಂಬೈಯ ಮಾಟುಂಗದಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡುವವಳು. ಹದಿನಾರು ವರ್ಷವಾಯ್ತು. ಡೊಂಬಿವಲಿ, ಥಾಣೆ, ಮುಲುಂಡ್, ವಸೈ ಅಂತ ಕನ್ನಡದವರ, ತುಳುವರ ಮದುವೆ ಎಲ್ಲಿದ್ದರೂ ಪೆಟ್ಟಿಗೆ ಹಿಡಿದು ಲೋಕಲ್ ರೈಲು ಹತ್ತಿ ಹೋಗಿದ್ದೇನೆ. ಬೆಳಗಿನ ಜಾವ ನಾಲ್ಕೂವರೆಗೆ ಟ್ಯೂಬ್‌ಲೈಟಿನ ಕೆಳಗೆ ಒಂದು ಗೇಣು ದೂರದಿಂದ ಬೇರೆಯವರ ತುಟಿ ನೋಡುವುದೇ ನನ್ನ ಕೆಲಸ. ತುಂಬಿಸಿದ ತುಟಿ ಯಾವುದು, ದೇವರು ಕೊಟ್ಟದ್ದು ಯಾವುದು ಅಂತ ಪೆನ್ಸಿಲ್ ಇಟ್ಟ ಕೂಡಲೇ ಗೊತ್ತಾಗುತ್ತದೆ. ಚೆನ್ನಾಗಿ ಮಾಡಿದ್ದರೆ ಅಂಚಿನ ಮೇಲೆ ಪೆನ್ಸಿಲ್ ಸಲೀಸಾಗಿ ಜಾರುತ್ತದೆ. ಗಂಟಿದ್ದರೆ ಅಲ್ಲೇ ಎಡವುತ್ತದೆ. ಕೆಲವರ ತುಟಿಯಲ್ಲಿ ಅಂಚೇ ಇರುವುದಿಲ್ಲ, ತುಂಬಿಸಿದ್ದು ಮೇಲಕ್ಕೆ ಸರಿದು ಮೀಸೆಯ ಜಾಗದಲ್ಲಿ ಕೂತಿರುತ್ತದೆ.

ಇಷ್ಟು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು. ಹೆಚ್ಚಿನವರು ತುಟಿ ಚಿಕ್ಕದು ಅಂತ ಬರುತ್ತಾರೆ, ಆದರೆ ಅವರ ತೊಂದರೆ ಅದಲ್ಲ. ಒಬ್ಬಳಿಗೆ ಮೂಗು ಮತ್ತು ತುಟಿಯ ನಡುವಿನ ಜಾಗ ಉದ್ದ. ಇನ್ನೊಬ್ಬಳಿಗೆ ನಕ್ಕಾಗ ಮೇಲ್ತುಟಿ ಒಳಗೆ ಮಡಚಿಕೊಳ್ಳುತ್ತದೆ. ಮತ್ತೊಬ್ಬಳದು ಬಣ್ಣದ ಸಮಸ್ಯೆ. ಎಲ್ಲರೂ ಕೇಳುವುದು ಮಾತ್ರ ಫಿಲ್ಲರನ್ನೇ. ಹೊಟ್ಟೆನೋವಿಗೂ ತಲೆನೋವಿಗೂ ಒಂದೇ ಮಾತ್ರೆ ನುಂಗಿದ ಹಾಗೆ.

ಮೊದಲು ಸ್ಕೇಲ್ ತಗೊಳ್ಳಿ

ಮಕ್ಕಳ ಜಾಮಿಟ್ರಿ ಬಾಕ್ಸಿನ ಸಣ್ಣ ಸ್ಕೇಲ್ ಸಾಕು. ಹಗಲು ಬೆಳಕಿನಲ್ಲಿ ಕನ್ನಡಿಯ ಎದುರು ನೆಟ್ಟಗೆ ಕೂತು "ಅಮ್ಮ" ಅನ್ನಿ. ಅಂದ ಮೇಲೆ ಬಾಯಿಯನ್ನು ಹಾಗೇ ಸಡಿಲ ಬಿಡಿ. ಮುಚ್ಚಬೇಡಿ, ನಗಬೇಡಿ. ಈಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಮೇಲಿನ ಮುಂಭಾಗದ ಹಲ್ಲು ಎಷ್ಟು ಕಾಣುತ್ತಿದೆ? ಹರೆಯದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಕಾಣುತ್ತದೆ. ಎರಡು, ಮೂಗಿನ ಬುಡದಿಂದ ತುಟಿಯ ಕೆಂಪು ಶುರುವಾಗುವ ಗೆರೆಯವರೆಗೆ ಎಷ್ಟಿದೆ? ಅದು 15 ಮಿಲಿಮೀಟರ್ ದಾಟಿ, ಹಲ್ಲೂ ಕಾಣದಿದ್ದರೆ, ನಿಮ್ಮದು ತುಟಿ ತೆಳು ಅನ್ನುವ ಲೆಕ್ಕ ಅಲ್ಲ, ಮೇಲಿನ ಜಾಗ ಉದ್ದ ಅನ್ನುವ ಲೆಕ್ಕ. ಅಂಥ ತುಟಿಗೆ ಫಿಲ್ಲರ್ ಹಾಕಿದರೆ ಭಾರ ಜಾಸ್ತಿಯಾಗಿ ತುಟಿ ಇನ್ನೂ ಕೆಳಗೆ ಜೋತು ಬೀಳುವುದೂ ಉಂಟು.

ಆಮೇಲೆ ಜೋರಾಗಿ ನಕ್ಕು ನೋಡಿ. ಮೇಲ್ತುಟಿ ಮಾಯವಾಗುತ್ತದಾ? ವಸಡು ಪೂರ್ತಿ ಕಾಣುತ್ತದಾ? ಬದಿಯಿಂದ ಯಾರಾದರೂ ಒಂದು ಫೋಟೋ ತೆಗೆಯಲಿ. ಹಲ್ಲು ಒಳಕ್ಕೆ ವಾಲಿದ್ದರೆ ತುಟಿಗೆ ಹಿಂದಿನಿಂದ ಆಸರೆ ಇರುವುದಿಲ್ಲ, ಚಪ್ಪಟೆಯಾಗಿ ಕಾಣುತ್ತದೆ. ಹಾಗಿದ್ದವರು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು.

ಫಿಲ್ಲರ್: ಎಲ್ಲರ ಬಾಯಲ್ಲೂ ಇರುವ ಹೆಸರು

ಈಗ ತುಟಿಗೆ ಹಾಕುವ ಫಿಲ್ಲರ್ ಅಂದರೆ ಹೆಚ್ಚುಕಡಿಮೆ ಎಲ್ಲ ಕಡೆ ಹೈಯಲುರೋನಿಕ್ ಆಸಿಡ್‌ನದು. ಆಸಿಡ್ ಅಂದ ಕೂಡಲೇ ಹೆದರಬೇಡಿ. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಮೊದಲಿನಿಂದಲೂ ಇರುವ ವಸ್ತು ಇದು. ನೀರನ್ನು ಹಿಡಿದಿಡುತ್ತದೆ. ಅದನ್ನು ಲ್ಯಾಬಿನಲ್ಲಿ ತಯಾರಿಸಿ, ಬೇಗ ಕರಗದ ಹಾಗೆ ಎಳೆಗೆ ಎಳೆ ಬೆಸೆದು, ಲೋಳೆಸರದ ತಿರುಳಿನಂಥ ಜೆಲ್ ಮಾಡಿ ಸಿರಿಂಜಿನಲ್ಲಿ ತುಂಬಿರುತ್ತಾರೆ. ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ 1 ಮಿಲಿ, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಇಷ್ಟೇನಾ ಅಂತ ಕೇಳಬೇಡಿ. ತುಟಿಗೆ ಅದೇ ಜಾಸ್ತಿ.

ಇದಕ್ಕೆ ಮೊದಲು ದನದ ಕೊಲಾಜನ್ ಅನ್ನುವ ಪ್ರೋಟೀನ್ ಬಳಕೆಯಲ್ಲಿತ್ತು. ಅಮೆರಿಕದಲ್ಲಿ 1981ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಅಲರ್ಜಿ ಆಗುತ್ತದಾ ಅಂತ ನೋಡಲು ಮೊದಲು ಕೈಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. 2003ರಲ್ಲಿ ರೆಸ್ಟಿಲೇನ್ ಅನ್ನುವ ಹೈಯಲುರೋನಿಕ್ ಫಿಲ್ಲರ್ ಅಲ್ಲಿ ಮುಖದ ಸುಕ್ಕಿಗೆ ಒಪ್ಪಿಗೆ ಪಡೆಯಿತು, 2011ರಲ್ಲಿ ತುಟಿಗೆ ಅಂತಲೇ ಪಡೆಯಿತು. ಜುವಿಡರ್ಮ್ ಅನ್ನುವ ಇನ್ನೊಂದು ಬ್ರ್ಯಾಂಡ್ ಕೂಡ ಆಮೇಲೆ ಬಂತು. ಅಲ್ಲಿ ತುಟಿಯ ಫಿಲ್ಲರ್‌ಗೆ ಕೊಟ್ಟಿರುವ ಒಪ್ಪಿಗೆ 21 ದಾಟಿದವರಿಗೆ ಮಾತ್ರ. ನನ್ನ ಹತ್ತಿರ ಹನ್ನೆರಡನೇ ಕ್ಲಾಸಿನ ಹುಡುಗಿಯರೂ ಬಂದು ಕೇಳುತ್ತಾರೆ. ಅವರ ಅಮ್ಮಂದಿರಿಗೆ ಈ ಒಂದು ಮಾತು ಹೇಳಿ ಕಳಿಸುತ್ತೇನೆ.

ಇದರ ದೊಡ್ಡ ಗುಣ ಅಂದರೆ ಇಷ್ಟವಾಗದಿದ್ದರೆ ಕರಗಿಸಬಹುದು. ಹೈಯಲುರೊನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟರೆ ಒಂದೆರಡು ದಿನದಲ್ಲಿ ಹೆಚ್ಚಿನ ಪಾಲು ಇಳಿಯುತ್ತದೆ. ಮುಂದೆ ಬರುವ ಯಾವ ದಾರಿಗೂ ಈ ಅನುಕೂಲ ಇಲ್ಲ. ಮೊದಲ ಸಲ ತುಟಿಗೆ ಕೈ ಹಾಕಿಸುವವರಿಗೆ ನಾನು ಫಿಲ್ಲರನ್ನೇ ಹೇಳುವುದು ಈ ಒಂದು ಕಾರಣಕ್ಕೆ.

ನನ್ನ ನಾದಿನಿ ಹಾಕಿಸಿಕೊಂಡಾಗ ಪಕ್ಕದಲ್ಲೇ ಕೂತಿದ್ದೆ. ಮೊದಲು ಜೋಮು ಹಿಡಿಸುವ ಮುಲಾಮು ದಪ್ಪಕ್ಕೆ ಬಳಿದು ಅರ್ಧ ಗಂಟೆ ಕೂರಿಸಿದರು. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅವಳ ಜೀವನದಲ್ಲೇ ಮೊದಲು ಅನ್ನಿಸುತ್ತೆ. ಆಮೇಲೆ ಒರೆಸಿ, ಬಿಳಿ ಪೆನ್ಸಿಲಿನಿಂದ ಮೇಲ್ತುಟಿಯ ನಡುವೆ ಬಿಲ್ಲಿನ ಹಾಗೆ ಬಾಗಿದ ಅಂಚಿನ ಎರಡು ತುದಿಗೆ ಗುರುತು ಹಾಕಿದರು. ಸೂಜಿ ಕೂದಲಿನಷ್ಟು ಸಪೂರ. ಆದರೂ ಮೂಗಿನ ಕೆಳಗೆ ಚುಚ್ಚಿದಾಗ ಅಳದೆಯೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದರೆ ಎರಡು ಬಳೆ ಒಡೆದವು. ಡಾಕ್ಟರಮ್ಮ ಒಂದೊಂದು ಸಲ ಚುಚ್ಚಿದಾಗಲೂ ಕೈ ನಿಲ್ಲಿಸಿ, ತುಟಿಯನ್ನು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ವಾಪಸ್ ಬರುತ್ತದಾ ಅಂತ ನೋಡುತ್ತಿದ್ದರು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಮರುದಿನ ಬೆಳಿಗ್ಗೆ ಫೋನ್: "ಅತ್ತಿಗೇ, ಜೇನು ಕಡಿದ ಹಾಗಾಗಿದೆ, ಆಫೀಸಿಗೆ ಹೇಗೆ ಹೋಗ್ಲಿ?" ಊತ ಮೊದಲ ಎರಡು ದಿನ ಜೋರು. ಆಮೇಲೆ ಇಳಿಯುತ್ತದೆ. ಅಸಲಿ ಆಕಾರ ಕಾಣಲು ಎರಡು ವಾರ ಬೇಕು. ಎರಡನೇ ದಿನ ಕನ್ನಡಿ ನೋಡಿ ಅಳುವವರೂ, ಹತ್ತನೇ ದಿನ ಊತ ಇಳಿದಾಗ "ಅಯ್ಯೋ, ಎಲ್ಲ ಹೋಯ್ತು, ಇನ್ನೊಂದು ಹಾಕಿ" ಅನ್ನುವವರೂ ಇಬ್ಬರೂ ಅವಸರದವರೇ.

ಡಾಕ್ಟರಮ್ಮ ಒತ್ತಿ ಒತ್ತಿ ನೋಡಿದ್ದು ಸುಮ್ನೆ ಅಲ್ಲ. ತುಟಿಯಲ್ಲಿ ರಕ್ತನಾಳ ಓಡಾಡುತ್ತವೆ. ಜೆಲ್ ಅದರೊಳಗೆ ಹೋಗಿ ಅಡ್ಡ ಕೂತರೆ ಮುಂದಿನ ಜಾಗಕ್ಕೆ ರಕ್ತ ಹೋಗುವುದಿಲ್ಲ, ಚರ್ಮ ಸಾಯಬಹುದು. ತೀರಾ ಅಪರೂಪಕ್ಕೆ ಕಣ್ಣಿಗೂ ಕುತ್ತು ಬಂದದ್ದಿದೆ. ಲಕ್ಷಣ ಹೀಗೆ: ಚರ್ಮ ಬಿಳಿಚಿಕೊಳ್ಳುತ್ತದೆ, ಅಥವಾ ಬಲೆ ಹೆಣೆದ ಹಾಗೆ ನೇರಳೆ ಗೆರೆ ಮೂಡುತ್ತವೆ, ನೋವು ಇಳಿಯುವ ಬದಲು ಏರುತ್ತದೆ. ಇದು ಬೆಳಿಗ್ಗೆ ನೋಡೋಣ ಅನ್ನುವ ವಿಷಯ ಅಲ್ಲ. ಆ ಗಂಟೆಯೇ ಹೋಗಬೇಕು, ಕರಗಿಸುವ ಇಂಜೆಕ್ಷನ್ ಕೊಡಬೇಕು. ಆದ್ದರಿಂದ ಕ್ಲಿನಿಕ್ಕಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ದುಡ್ಡು ಅನ್ನುವುದಲ್ಲ. "ಹೈಯಲುರೊನಿಡೇಸ್ ಇಲ್ಲೇ ಫ್ರಿಜ್ಜಿನಲ್ಲಿ ಇದೆಯಾ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ?" ಇದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಸೂಜಿಯಾ, ಕ್ಯಾನುಲಾನಾ ಅಂತ ಕೆಲವರು ಕೇಳುತ್ತಾರೆ. ಕ್ಯಾನುಲಾ ಅಂದರೆ ತುದಿ ಮೊಂಡಾದ ಉದ್ದ ನಳಿಗೆ. ಬಾಯಿಯ ಮೂಲೆಯಲ್ಲಿ ಒಂದೇ ತೂತು ಮಾಡಿ ಒಳಗೆ ಸರಿಸುತ್ತಾರೆ. ಕಂದುಗಟ್ಟುವುದು ಕಡಿಮೆ. ಬಿಲ್ಲಿನ ತುದಿ, ಅಂಚಿನ ಗೆರೆ ತಿದ್ದಲು ಸೂಜಿಯೇ ಚೆಂದ. ಕ್ಯಾನುಲಾ ಇದ್ದರೆ ಅಪಾಯವೇ ಇಲ್ಲ ಅನ್ನುವ ಮಾತು ಮಾತ್ರ ನಂಬಬೇಡಿ. ಯಾವ ಕೈ ಅನ್ನುವುದೇ ಮುಖ್ಯ.

ಫಿಲ್ಲರ್ ಆರು ತಿಂಗಳಿಂದ ಒಂದು ವರ್ಷ ನಿಲ್ಲುತ್ತದೆ. ಪೂರ್ತಿ ಕರಗುವ ಮೊದಲೇ ಮತ್ತೆ ಮತ್ತೆ ತುಂಬಿಸುತ್ತಾ ಹೋದವರದ್ದೇ ಆ ಬಾತುಕೋಳಿ ಬಾಯಿ. ಮೊದಲ ಸಲ ಅರ್ಧ ಮಿಲಿ ಸಾಕು ಅಂತ ಹೇಳಿ. ಹಾಗಂತ ಉಳಿದ ಅರ್ಧವನ್ನು ಗೆಳತಿಗೆ ಹಾಕಿಸಬೇಡಿ. "ಇಬ್ಬರು ಬನ್ನಿ, ಒಂದು ಸಿರಿಂಜ್, ಅರ್ಧ ರೇಟು" ಅನ್ನುವ ಆಫರ್ ನನ್ನ ಫೋನಿಗೂ ಬಂದಿದೆ. ಒಬ್ಬರ ಮೈಗೆ ಚುಚ್ಚಿದ ಸಿರಿಂಜ್ ಇನ್ನೊಬ್ಬರ ಮೈಗೆ ಹೋಗಬಾರದು, ಸೂಜಿ ಬದಲಿಸಿದರೂ ಹೋಗಬಾರದು. ಇದು ಲೋಕಲ್‌ನ ನಾಲ್ಕನೇ ಸೀಟು ಅಲ್ಲ, ಸ್ವಲ್ಪ ಸರಿದು ಜಾಗ ಕೊಡಲಿಕ್ಕೆ.

ಬಾಯಿಯ ಸುತ್ತ ಆಗಾಗ ನೀರುಗುಳ್ಳೆ ಏಳುವ ಹರ್ಪಿಸ್ ಇದ್ದರೆ ಮೊದಲೇ ಹೇಳಿ. ಸೂಜಿ ತಗುಲಿದರೆ ಅದು ಮತ್ತೆ ಎದ್ದು ಕೂರುತ್ತದೆ, ಅದಕ್ಕೆ ಡಾಕ್ಟರ್ ಮುಂಚೆಯೇ ಮಾತ್ರೆ ಕೊಡುತ್ತಾರೆ. ಬಸುರಿಯರು, ಹಾಲುಣಿಸುವವರು ಮುಂದೂಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ತಾವಾಗಿಯೇ ನಿಲ್ಲಿಸಬೇಡಿ, ಕೇಳಿಯೇ ಮಾಡಿ.

ಲಿಪ್ ಫ್ಲಿಪ್: ಪ, ಬ, ಮ ಜಾಗ್ರತೆ

ಇದು ತುಂಬಿಸುವ ಕೆಲಸ ಅಲ್ಲ, ಸಡಿಲಿಸುವ ಕೆಲಸ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಮೇಲ್ತುಟಿಯ ಅಂಚಿನಲ್ಲಿ ಬೊಟಾಕ್ಸ್ ಅನ್ನುವ, ಸ್ನಾಯು ಸಡಿಲಿಸುವ ಇಂಜೆಕ್ಷನ್ನಿನ ನಾಲ್ಕು ಯೂನಿಟ್ ಆಸುಪಾಸು ಹಾಕಿದರೆ ಆ ಸ್ನಾಯುವಿನ ಬಿಗಿ ಕಡಿಮೆಯಾಗಿ, ತುಟಿ ಚೂರು ಹೊರಕ್ಕೆ ಮಗುಚುತ್ತದೆ. ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಎರಡು ಮೂರು ತಿಂಗಳಿಗೆ ಮೊದಲಿನ ಹಾಗೇ ಆಗುತ್ತದೆ. ಫಿಲ್ಲರ್‌ಗಿಂತ ತುಂಬಾ ಅಗ್ಗ. ನಕ್ಕಾಗ ಮೇಲ್ತುಟಿ ಒಳಗೆ ಮಡಚಿಕೊಳ್ಳುವವರಿಗೆ, ವಸಡು ಸ್ವಲ್ಪ ಜಾಸ್ತಿ ಕಾಣುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೆಂಪೇ ಇಲ್ಲದ ಗೆರೆಯಂಥ ತುಟಿಗೆ ಮಗುಚಲು ಏನಿದೆ?

ನನ್ನ ಗೆಳತಿಯೊಬ್ಬಳು ಕನ್ನಡ ಟೀಚರ್. ಬೇಸಿಗೆ ರಜೆಯಲ್ಲಿ ಮಾಡಿಸಿಕೊಂಡಳು. ಪುಣ್ಯಕ್ಕೆ ರಜೆ. ಪ, ಫ, ಬ, ಭ, ಮ ತುಟಿಯಲ್ಲೇ ಹುಟ್ಟುವ ಅಕ್ಷರಗಳು ಅಂತ ಮಕ್ಕಳಿಗೆ ಹೇಳಿಕೊಡುವವಳು ಅವಳೇ. ಎರಡು ವಾರ "ಪಪ್ಪಾಯ" ಅನ್ನಲು ಹೋದರೆ ಗಾಳಿ ಸೋರುತ್ತಿತ್ತು. ಮಾಟುಂಗ ಸ್ಟೇಷನ್ ಹೊರಗೆ ಕಟಿಂಗ್ ಚಹಾ ಕುಡಿಯುವಾಗ ಗ್ಲಾಸಿನ ಅಂಚಿಗೆ ತುಟಿ ಒತ್ತಲಾಗದೆ ಸೀರೆ ಮೇಲೆ ಚೆಲ್ಲಿಕೊಂಡಳು. ಸ್ಟ್ರಾ ಹಾಕಿ ಎಳನೀರು ಕುಡಿಯುವುದು ಆಗಲಿಲ್ಲ, ಶಿಳ್ಳೆಯಂತೂ ಕೇಳಲೇಬೇಡಿ. ಹೋಗ್ತಾ ಹೋಗ್ತಾ ಸರಿಯಾಯ್ತು. ಆದರೆ ಹಾಡುವವರು, ಕೊಳಲು ಊದುವವರು, ನಮ್ಮ ಕಡೆ ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು ಈ ತಂಟೆಗೆ ಹೋಗದಿರುವುದೇ ಒಳ್ಳೆಯದು. ಇದನ್ನು ಫಿಲ್ಲರ್ ಹಾಗೆ ಕರಗಿಸಲು ಮದ್ದಿಲ್ಲ. ಇಳಿಯುವ ತನಕ ಕಾಯಬೇಕು, ಅಷ್ಟೇ.

ಲಿಪ್ ಲಿಫ್ಟ್: ಕತ್ತರಿ ಹಾಕುವ ದಾರಿ

ಸ್ಕೇಲಿನಲ್ಲಿ 15 ದಾಟಿದವರು ಇಲ್ಲಿ ಗಮನ ಕೊಡಿ. ಮೂಗಿನ ಬುಡಕ್ಕೆ ಹೊಂದಿಕೊಂಡು ಎತ್ತಿನ ಕೊಂಬಿನ ಆಕಾರದಲ್ಲಿ ಒಂದು ಪಟ್ಟಿ ಚರ್ಮ ತೆಗೆದು, ತುಟಿಯನ್ನು ಮೇಲಕ್ಕೆ ಎಳೆದು ಹೊಲಿಯುತ್ತಾರೆ. ಅದಕ್ಕೇ ಇಂಗ್ಲಿಷಿನಲ್ಲಿ ಬುಲ್‌ಹಾರ್ನ್ ಅನ್ನುವುದು. ತುಟಿಗೆ ಏನೂ ತುಂಬಿಸುವುದಿಲ್ಲ, ಆದರೂ ಕೆಂಪು ಭಾಗ ಜಾಸ್ತಿ ಕಾಣುತ್ತದೆ, ಬಾಯಿ ಸಡಿಲ ಬಿಟ್ಟಾಗ ಹಲ್ಲಿನ ತುದಿ ಇಣುಕುತ್ತದೆ. ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟೂ ಮಾಡುತ್ತಾರೆ. ಹೊಲಿಗೆ ವಾರದೊಳಗೆ ಬಿಚ್ಚುತ್ತಾರೆ. ಇದು ಶಾಶ್ವತ. ವಯಸ್ಸಾದಂತೆ ಮೇಲ್ತುಟಿ ಉದ್ದವಾಗುವುದರಿಂದ ಐವತ್ತರ ಆಚೆಗಿನವರೂ ಇದಕ್ಕೆ ಬರುತ್ತಾರೆ.

ಶಾಶ್ವತ ಅನ್ನುವುದೇ ಇದರ ಗುಣ, ಅದೇ ದೋಷ. ತೆಗೆದ ಚರ್ಮ ವಾಪಸ್ ಅಂಟಿಸಲಾಗದು. ಒಂದೆರಡು ಮಿಲಿಮೀಟರ್ ಹೆಚ್ಚು ತೆಗೆದರೆ ಬಾಯಿ ಮುಚ್ಚಿದರೂ ಹಲ್ಲು ಕಾಣುತ್ತಾ ಇರುತ್ತದೆ. ಮೊದಲೇ ವಸಡು ಕಾಣುವವರು ಮಾಡಿಸಿದರೆ ಇನ್ನೂ ಕಾಣುತ್ತದೆ. ಮತ್ತೆ ಗಾಯದ ಕಲೆ. ಬಿಳಿ ಚರ್ಮದವರ ಫೋಟೋದಲ್ಲಿ ಆ ಗೆರೆ ಮೂಗಿನ ನೆರಳಿನಲ್ಲಿ ಅಡಗಿರುತ್ತದೆ. ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣದ ಚರ್ಮ ಗಾಯ ಆದಲ್ಲೆಲ್ಲ ಕಪ್ಪಾಗುವ ಸ್ವಭಾವದ್ದು. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಿದ್ದರೆ, ಸಿಸೇರಿಯನ್ ಹೊಲಿಗೆ ಉಬ್ಬಿ ಕೂತಿದ್ದರೆ ಡಾಕ್ಟರಿಗೆ ತೋರಿಸಿಯೇ ಮುಂದುವರಿಯಿರಿ. ನಮ್ಮ ಬಣ್ಣದವರ ಒಂದು ವರ್ಷದ ನಂತರದ ಫೋಟೋ ಕೇಳಿ. ಎರಡು ವಾರದ್ದಲ್ಲ.

ಇನ್ನೊಂದು ವಿಷಯ ಡಾಕ್ಟರುಗಳು ಹೇಳುವುದಿಲ್ಲ, ನಾನು ಹೇಳುತ್ತೇನೆ. ನತ್ತು ಒತ್ತಿ ಕೂರುವುದು ಸರಿಯಾಗಿ ಆ ಗೆರೆಯ ಅಕ್ಕಪಕ್ಕದಲ್ಲೇ. ಹೊಸ ಕಲೆಯ ಮೇಲೆ ಮುಹೂರ್ತದ ಮೂರು ಗಂಟೆ ಮುತ್ತಿನ ನತ್ತು ಉಜ್ಜಿದರೆ ಹೇಗಿರುತ್ತೆ, ಯೋಚನೆ ಮಾಡಿ.

ಕೊಬ್ಬು, ಕಡ್ಡಿ, ಒಳಗಿನ ಹೊಲಿಗೆ

ಇವುಗಳಿಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬು ತೆಗೆದು ತುಟಿಗೆ ತುಂಬಿಸುವುದು ಒಂದು. ಸ್ವಂತದ್ದು, ಅಲರ್ಜಿ ಇಲ್ಲ, ಉಳಿದರೆ ವರ್ಷಗಟ್ಟಲೆ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದೇ ಲಾಟರಿ. ತುಟಿ ಇಡೀ ದಿನ ಅಲ್ಲಾಡುವ ಜಾಗ, ತಂದಿಟ್ಟ ಕೊಬ್ಬು ಬೇರೂರಲು ಕಷ್ಟ. ಊತವೂ ವಾರಗಟ್ಟಲೆ. ಬೇರೆ ಕಾರಣಕ್ಕೆ ಮುಖಕ್ಕೆ ಕೊಬ್ಬು ತುಂಬಿಸಿಕೊಳ್ಳುವವರು ಜೊತೆಗೆ ತುಟಿಗೂ ಮಾಡಿಸಿಕೊಂಡರೆ ಸರಿ. ತುಟಿಗೆಂದೇ ಹೋಗುವುದು ನನಗೆ ದುಬಾರಿ ಅನ್ನಿಸುತ್ತದೆ.

ಇಂಪ್ಲಾಂಟ್ ಅಂದರೆ ಎರಡೂ ಮೂಲೆಯಲ್ಲಿ ಸೀಳಿ, ಉದ್ದಕ್ಕೆ ಮೆತ್ತನೆಯ ಸಿಲಿಕಾನ್ ಕಡ್ಡಿ ಸೇರಿಸುವುದು. ಬೇಡವಾದರೆ ತೆಗೆಸಬಹುದು. ಆದರೆ ಅದು ಸರಿಯಬಹುದು, ಮೂಲೆಯಲ್ಲಿ ತಲೆ ಹಾಕಬಹುದು, ಮುತ್ತು ಕೊಟ್ಟವರಿಗೂ ಗೊತ್ತಾಗಬಹುದು. ತುಟಿಯ ಒಳಮೈಯನ್ನು ವಿ ಆಕಾರದಲ್ಲಿ ಕೊಯ್ದು ವೈ ಆಕಾರದಲ್ಲಿ ಹೊಲಿದು ಹೊರಕ್ಕೆ ತಳ್ಳುವ ಶಸ್ತ್ರಕ್ರಿಯೆಯೂ ಇದೆ. ಗಾಯದಿಂದ ತುಟಿ ಹಾಳಾದವರಿಗೆ, ಹುಟ್ಟು ಸೀಳುತುಟಿ ಸರಿಪಡಿಸಿಕೊಂಡವರಿಗೆ ಅದು ಹೆಚ್ಚು ಉಪಯೋಗ.

ದ್ರವ ರೂಪದ ಸಿಲಿಕಾನ್ ಚುಚ್ಚುತ್ತೇವೆ, ಜೀವನಪೂರ್ತಿ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ. ವರ್ಷಗಳಾದ ಮೇಲೂ ಗಂಟು ಏಳುತ್ತದೆ, ಕರಗಿಸಲಾಗದು, ಕೊಯ್ದೇ ತೆಗೆಯಬೇಕು.

ಬಣ್ಣದ ಸಮಸ್ಯೆಗೆ ಬಣ್ಣದ ಉತ್ತರ

ಇದು ನನ್ನ ವಿಷಯ, ಸ್ವಲ್ಪ ಮಾತಾಡಲು ಬಿಡಿ. ಕಪ್ಪು ತುಟಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅಂಚಿನ ಗೆರೆ ಚರ್ಮದಲ್ಲೇ ಕಲಸಿಹೋಗಿರುತ್ತದೆ, ಎಲ್ಲಿ ತುಟಿ, ಎಲ್ಲಿ ಚರ್ಮ ಅಂತಲೇ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಫಿಲ್ಲರ್ ಕೇಳಿ ಬಂದ ಎಷ್ಟೋ ಜನಕ್ಕೆ ಬೇಕಾದದ್ದು ಬಣ್ಣ ಮಾತ್ರ.

ಮೊದಲು ಕಾರಣ ಹುಡುಕಿ. ಹುಟ್ಟು ಬಣ್ಣವೇ ಹಾಗಿದ್ದರೆ ಅದು ಕಾಯಿಲೆ ಅಲ್ಲ. ಇತ್ತೀಚೆಗೆ ಕಪ್ಪಾಗಿದ್ದರೆ ಲಿಪ್‌ಸ್ಟಿಕ್ಕಿನ ಅಲರ್ಜಿ ಇರಬಹುದು. ತುರಿಸದೆಯೂ ಬರೀ ಕಪ್ಪಾಗುವ ಅಲರ್ಜಿ ಉಂಟು. ತುಟಿ ನೆಕ್ಕುವ ಚಟ, ಬಿಸಿಲು, ಸಿಗರೇಟು ಕೂಡ ಕಾರಣ. ಎರಡು ತಿಂಗಳು ಲಿಪ್‌ಸ್ಟಿಕ್ ಬಿಟ್ಟು ಬರೀ ವ್ಯಾಸಲೀನ್ ಹಚ್ಚಿ ನೋಡಿ, ಖರ್ಚಿಲ್ಲ.

ಆಮೇಲೂ ಬೇಕೆಂದರೆ ಲಿಪ್ ಬ್ಲಶ್ ಇದೆ. ಹಚ್ಚೆಯದೇ ತಮ್ಮ. ಸಣ್ಣ ಮೆಷಿನ್ನಿನ ಸೂಜಿಯಿಂದ ತುಟಿಯ ಮೇಲ್ಪದರಕ್ಕೆ ಬಣ್ಣ ಕೂರಿಸುತ್ತಾರೆ. ಕಪ್ಪು ತುಟಿಗೆ ಸೀದಾ ಗುಲಾಬಿ ಹಾಕಿದರೆ ಬೂದಿ ಬಣ್ಣ ಬರುತ್ತದೆ. ಮೊದಲ ಸಿಟ್ಟಿಂಗಿನಲ್ಲಿ ಕಿತ್ತಳೆ ಹಾಕಿ ಕಪ್ಪು ಮುರಿದು, ಒಂದೆರಡು ತಿಂಗಳು ಬಿಟ್ಟು ಬೇಕಾದ ಬಣ್ಣ ಹಾಕಬೇಕು. ಒಂದೇ ಸಿಟ್ಟಿಂಗಿನಲ್ಲಿ ಗುಲಾಬಿ ತುಟಿ ಅನ್ನುವ ಬೋರ್ಡ್ ನೋಡಿದರೆ ಮುಂದಕ್ಕೆ ನಡೆಯಿರಿ. ಒಂದರಿಂದ ಮೂರು ವರ್ಷ ನಿಂತು ಮಾಸುತ್ತದೆ. ಸಿಪ್ಪೆ ಏಳುವ ಒಂದು ವಾರ ಖಾರದ ಸಾರು ಮುಟ್ಟಲಾಗದು, ನಮ್ಮ ಮನೆಗಳಲ್ಲಿ ಅದೇ ದೊಡ್ಡ ಶಿಕ್ಷೆ.

ಬಣ್ಣ ಇಷ್ಟವಾಗಲಿಲ್ಲ, ಲೇಸರ್ ಹಾಕಿಸಿ ತೆಗೆಸುತ್ತೇನೆ ಅಂತ ಅಂದುಕೊಂಡಿದ್ದರೆ ಇದನ್ನು ತಿಳಿದಿರಿ. ತಿಳಿಗುಲಾಬಿ, ಚರ್ಮದ ಬಣ್ಣದ ಪಿಗ್ಮೆಂಟುಗಳಲ್ಲಿ ಬಿಳಿಗೆಂದು ಹಾಕುವ ಟೈಟಾನಿಯಂ ಡೈಆಕ್ಸೈಡ್, ಕೆಂಪಿಗೆ ಹಾಕುವ ಕಬ್ಬಿಣದ ಆಕ್ಸೈಡ್ ಇರುತ್ತವೆ. ಲೇಸರ್ ಬಿದ್ದರೆ ಅವು ಕಪ್ಪಾಗುವುದುಂಟು. ತೆಗೆಸಲು ಹೋಗಿ ಮಸಿ ಬಳಿಸಿಕೊಂಡ ಹಾಗಾಗುತ್ತದೆ. ಫಿಲ್ಲರ್, ಬಣ್ಣ ಎರಡೂ ಬೇಕಾದರೆ ಮೊದಲು ಫಿಲ್ಲರ್, ಅದು ಕೂತ ಮೇಲೆ ಬಣ್ಣ. ಸೂಜಿಯ ಕಾರ್ಟ್ರಿಜ್ ನಿಮ್ಮ ಎದುರೇ ಹೊಸದಾಗಿ ಬಿಚ್ಚಬೇಕು. ಹೆಪಟೈಟಿಸ್ ಹರಡಲು ಒಂದು ಸೂಜಿ ಸಾಕು.

ಪೆನ್ನಿನ ಕತೆ

ಇದು ನನ್ನದೇ ದಡ್ಡತನ. ಕೆಲವು ವರ್ಷದ ಹಿಂದೆ ಅಂಧೇರಿ ಕಡೆ ಎರಡು ದಿನದ ಕೋರ್ಸ್ ಮಾಡಿದೆ. ಹೈಯಲುರಾನ್ ಪೆನ್, ಸೂಜಿ ಇಲ್ಲ, ನೋವಿಲ್ಲ, ಪಾರ್ಲರಿನಲ್ಲೇ ಮಾಡಬಹುದು ಅಂದರು. ಸ್ಪ್ರಿಂಗಿನ ಒತ್ತಡದಿಂದ ಜೆಲ್ಲನ್ನು ಚರ್ಮದೊಳಗೆ ಹೊಡೆಯುವ ಸಾಧನ. ಎರಡನೇ ದಿನ ಮಾಡೆಲ್ ಬರಲಿಲ್ಲ, "ನೀವೇ ಕೂತುಕೊಳ್ಳಿ" ಅಂದರು. ನಾನೂ ಕೂತೆ. ಟಪ್ ಟಪ್ ಅಂತ ಹನ್ನೆರಡು ಸಲ ಹೊಡೆದರು. ಸಂಜೆಗೆ ಕೆಳದುಟಿಯಲ್ಲಿ ಮೂರು ಗಂಟು, ಒಂದೊಂದೂ ಸಾಬೂದಾನಿಯಷ್ಟು. ಮಸಾಜ್ ಮಾಡಿ, ಹೋಗುತ್ತೆ ಅಂದರು. ತಿಂಗಳಾದರೂ ಹೋಗಲಿಲ್ಲ. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. "ಒಳಗೆ ಹೋಗಿರುವುದು ಯಾವ ಕಂಪನಿಯ ಜೆಲ್?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಣ್ಯಕ್ಕೆ ಇಂಜೆಕ್ಷನ್ನಿಗೆ ಕರಗಿತು. ಕೋರ್ಸಿನ ದುಡ್ಡೂ ಹೋಯ್ತು, ಕರಗಿಸುವ ದುಡ್ಡೂ ಹೋಯ್ತು. ಆ ಪೆನ್ ನಾನು ಯಾರ ತುಟಿಗೂ ಇಡಲಿಲ್ಲ.

ಅಮೆರಿಕದಲ್ಲಿ ಔಷಧ, ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಈ ಪೆನ್ ಬಳಸಬೇಡಿ ಅಂತ ಜನರಿಗೂ ಡಾಕ್ಟರುಗಳಿಗೂ ಎಚ್ಚರಿಕೆ ಕೊಟ್ಟಿತು. ಜೆಲ್ ಒಳಗೆ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಕೈಯಲ್ಲಿ ಇರುವುದಿಲ್ಲ ಅನ್ನುವುದು ಒಂದು ಕಾರಣ. ಆನ್‌ಲೈನಿನಲ್ಲಿ ಇನ್ನೂ ಸಿಗುತ್ತದೆ.

ತುಟಿ ಉಬ್ಬಿಸುವ ಲಿಪ್‌ಗ್ಲಾಸ್ ಬಗ್ಗೆ ಒಂದೇ ಮಾತು. ಅದರಲ್ಲಿರುವುದು ಮೆಣಸಿನಕಾಯಿಯ ಖಾರ, ಚಕ್ಕೆ, ಪುದೀನದ ಸತ್ವ. ಉರಿದು ಉಬ್ಬುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮೆಣಸಿನಕಾಯಿ ಬಜ್ಜಿ ತಿಂದರೂ ಅದೇ ಆಗುತ್ತದೆ, ರುಚಿಯಾದರೂ ಇರುತ್ತದೆ.

ದುಡ್ಡು, ಬಿಲ್ಲು, ಬೋರ್ಡು

ಮುಂಬೈಯಲ್ಲಿ ನನ್ನ ಪರಿಚಯದವರು 1 ಮಿಲಿ ಫಿಲ್ಲರ್‌ಗೆ 20ರಿಂದ 35 ಸಾವಿರ ಕೊಟ್ಟಿದ್ದಾರೆ. ಬಾಂದ್ರಾಕ್ಕೂ ಡೊಂಬಿವಲಿಗೂ ಅಂತರ ಇದ್ದದ್ದೇ. ಚೆಂದಕ್ಕೆ ಮಾಡಿಸುವ ಚಿಕಿತ್ಸೆಗೆ 18% ಜಿಎಸ್‌ಟಿ ಬೀಳುತ್ತದೆ, ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಕೇಳಿ. ಆರೋಗ್ಯ ವಿಮೆ ಇದಕ್ಕೆ ಸಿಗದು. ಫಿಲ್ಲರ್‌ನ ಲೆಕ್ಕ ಹಾಕುವಾಗ ಒಂದು ಸಲದ್ದು ಹಾಕಬೇಡಿ, ಐದು ವರ್ಷದ್ದು ಹಾಕಿ. ಆಗ ಲಿಪ್ ಲಿಫ್ಟ್ ಅಷ್ಟೇನೂ ದುಬಾರಿ ಅನ್ನಿಸುವುದಿಲ್ಲ. ಹಾಗಂತ 15 ದಾಟದವರು ಉಳಿತಾಯಕ್ಕೆಂದು ಕತ್ತರಿ ಹಾಕಿಸಬೇಡಿ.

ಚರ್ಮದ ಡಾಕ್ಟರ್ ಆದರೆ ಎಂಡಿ ಅಥವಾ ಡಿಎನ್‌ಬಿ, ಕೊಯ್ಯುವ ಕೆಲಸಕ್ಕೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಇದೆಯಾ ನೋಡಿ. "ಏಸ್ಥೆಟಿಕ್ ಎಕ್ಸ್‌ಪರ್ಟ್" ಅನ್ನುವುದು ಡಿಗ್ರಿ ಅಲ್ಲ. ಬೋರ್ಡಿನಲ್ಲಿರುವ ನೋಂದಣಿ ಸಂಖ್ಯೆಯನ್ನು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹುಡುಕಬಹುದು. ಡಬ್ಬಿ ನಿಮ್ಮ ಕಣ್ಣೆದುರು ಬಿಚ್ಚಬೇಕು. ಅದರೊಳಗೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಒಂದು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ನನ್ನ ಹತ್ತಿರ ಅಂದು ಇಲ್ಲದ್ದು ಅದೇ.

ಮದುವೆಯ ಲೆಕ್ಕ ಹೀಗಿಡಿ. ಲಿಫ್ಟ್ ಆದರೆ ಒಂದು ವರ್ಷ ಮೊದಲು. ಬಣ್ಣ ಆದರೆ ನಾಲ್ಕು ತಿಂಗಳು. ಫಿಲ್ಲರ್ ಆದರೆ ಎರಡು ತಿಂಗಳು, ತಿದ್ದುವುದಿದ್ದರೆ ಸಮಯ ಸಿಗುತ್ತದೆ. ಫ್ಲಿಪ್ ಆದರೆ ಒಂದು ತಿಂಗಳು. ಹಲ್ಲು ಕ್ಲೀನ್ ಮಾಡಿಸುವುದೆಲ್ಲ ಫಿಲ್ಲರ್‌ಗೆ ಮೊದಲೇ ಮುಗಿಸಿ.

ಆರು ದಿನ ಉಳಿದವಳು ಇನ್ನೂ ಕೂತಿದ್ದಾಳಲ್ಲ. ಅವಳಿಗೆ ಪೆನ್ಸಿಲ್ ಸಾಕು. ನನ್ನ ಸೋದರಮಾವ ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷಕ್ಕೆ ಬಣ್ಣ ಹಚ್ಚುವುದನ್ನು ನೋಡಿ ಕಲಿತದ್ದು. ಗಂಡಸಿನ ತೆಳು ತುಟಿಯನ್ನು ಐದು ನಿಮಿಷದಲ್ಲಿ ದ್ರೌಪದಿಯದು ಮಾಡುತ್ತಿದ್ದರು. ತುಟಿಯ ಬಣ್ಣಕ್ಕಿಂತ ಒಂದು ಶೇಡ್ ಗಾಢವಾದ ಪೆನ್ಸಿಲ್ ತಗೊಂಡು, ನಡುವಿನ ಬಿಲ್ಲಿನಲ್ಲಿ ಮತ್ತು ಕೆಳದುಟಿಯ ನಡುವಿನಲ್ಲಿ ಮಾತ್ರ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಎಳೆಯಿರಿ. ಮೂಲೆಗೆ ಬರುವಾಗ ಗೆರೆ ಒಳಗೆ ಬಂದು ಸೇರಬೇಕು. ಮೂಲೆಯಲ್ಲೂ ಹೊರಗೆಳೆದರೆ ಅದು ದ್ರೌಪದಿ ಅಲ್ಲ, ಹಾಸ್ಯಗಾರ. ಆಮೇಲೆ ಲಿಪ್‌ಸ್ಟಿಕ್, ಕೆಳದುಟಿಯ ನಟ್ಟನಡುವೆ ಒಂದು ಬೊಟ್ಟು ತಿಳಿ ಬಣ್ಣ, ಬೆರಳ ತುದಿಯಿಂದ ಎರಡು ಸಲ ಒತ್ತಿದರೆ ಆಯ್ತು.